ಲ್ಯಾಪ್‌ಟಾಪಿಗೊಂದು ಹೊರಗಿನ ಏರಿಯಲ್

ರೇಡಿಯೋ ಪೆಟ್ಟಿಗೆಯು ನಮ್ಮ ಊರುಗಳಿಗೆ ಹೊಸದಾಗಿ ಬಂದ ಕಾಲದಲ್ಲಿ, ಅದನ್ನು ಕೊಂಡವರು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಮನೆಯ ಮಾಡಿನಿಂದ ಎದುರಿನ ತೆಂಗಿನ ಮರಕ್ಕೆ ತಾಮ್ರದ ತಂತಿಯೊಂದನ್ನು ಎಳೆದು ಕಟ್ಟುವುದು. ಆ ತಂತಿಯೇ ಏರಿಯಲ್. ತಂತಿ ಎತ್ತರದಲ್ಲಿದ್ದಷ್ಟೂ ದೂರದ ನಿಲಯಗಳು ಸ್ಫುಟವಾಗಿ ಕೇಳುವುವೆಂಬುದನ್ನು ಭೌತಶಾಸ್ತ್ರ ಓದದವರೂ ಬಲ್ಲವರಾಗಿದ್ದರು. ಅನಂತರ ದೂರದರ್ಶನ ಬಂದಿತು. ಮನೆಗಳ ಮೇಲೆ ಮೀನಿನ ಮುಳ್ಳಿನಂಥ ಅಲ್ಯುಮಿನಿಯಮ್ ಏರಿಯಲ್‌ಗಳು ಎದ್ದುನಿಂತವು. ಇಂದು ವಿದ್ಯಾರ್ಥಿಯ ಚೀಲದಲ್ಲಿರುವ ಲ್ಯಾಪ್‌ಟಾಪೂ ಒಂದು ರೇಡಿಯೋ ಯಂತ್ರವೇ. ಅದು ಕೇಳುವುದಷ್ಟೇ ಅಲ್ಲ, ಮಾತನಾಡಲೂ ಬಲ್ಲುದು. ಆದರೆ ಅದರ ಏರಿಯಲ್ ಕಣ್ಣಿಗೆ ಬೀಳದಂತೆ ಒಳಗೆ ಅಡಗಿರುವುದರಿಂದ, ಅದಕ್ಕೂ ಏರಿಯಲ್ ಒಂದಿದೆ ಎಂಬುದನ್ನೇ ನಾವು ಮರೆತಿರುತ್ತೇವೆ.

೨೦೨೦ರಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ಶಾಲೆ ಕಾಲೇಜುಗಳು ಮುಚ್ಚಿ ಪಾಠಗಳೆಲ್ಲ ಅಂತರಜಾಲದ ಮೂಲಕ ನಡೆದಾಗ, ಮಲೆನಾಡಿನ ಎಷ್ಟೋ ವಿದ್ಯಾರ್ಥಿಗಳು ಸಿಗ್ನಲ್ ಸಿಕ್ಕುವ ಗುಡ್ಡವನ್ನು ಹುಡುಕಿಕೊಂಡು ಹೋಗಿ, ಅಲ್ಲಿ ಮಳೆಗೊಂದು ಮರೆ ಕಟ್ಟಿ ಕುಳಿತು ಪಾಠ ಕೇಳಿದರು. ಅದು ಮೊಬೈಲ್ ಗೋಪುರದ ಮಾತು. ಆದರೆ ಮನೆಯೊಳಗಿನ ವೈ-ಫೈಗೂ ನ್ಯಾಯ ಅದೇ. ರಸ್ತೆಯ ಬದಿಯ ಅಣ್ಣನ ಮನೆಗೆ ಅಂತರಜಾಲದ ಸಂಪರ್ಕ ಬಂದಿದೆ. ತಮ್ಮನ ಮನೆಯು ಅಡಕೆ ತೋಟದ ಆಚೆ, ೩೦೦ ಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳೋಣ. ತಮ್ಮನ ಮಗಳ ಲ್ಯಾಪ್‌ಟಾಪಿನಲ್ಲಿ ದೊಡ್ಡಪ್ಪನ ಮನೆಯ ಜಾಲದ ಹೆಸರು ಒಮ್ಮೆ ಕಾಣುವುದು, ಒಮ್ಮೆ ಮಾಯವಾಗುವುದು. ಪರೀಕ್ಷೆಯ ಅರ್ಜಿ ತುಂಬಲು ಆಕೆ ಪ್ರತಿ ಸಲವೂ ತೋಟ ದಾಟಿ ಹೋಗಬೇಕು. ಒಂದು ಏರಿಯಲ್ಲಿನಿಂದ ಈ ತೊಡಕು ನೀಗೀತೆ? ನೀಗಬಹುದು. ಆದರೆ ಹೇಗೆ ಮತ್ತು ಎಷ್ಟರ ಮಟ್ಟಿಗೆ ಎಂಬುದನ್ನು ಲೆಕ್ಕ ಹಾಕಿಯೇ ತಿಳಿಯಬೇಕು.

ವೈ-ಫೈ ಯಂತ್ರಗಳು ಹೆಚ್ಚಾಗಿ ಬಳಸುವ ಅಲೆಗಳು ಸೆಕೆಂಡಿಗೆ ಸುಮಾರು ೨೪೦ ಕೋಟಿ ಸಲ ಕಂಪಿಸುವಂಥವು, ಇದನ್ನೇ ೨.೪ ಗಿಗಾಹರ್ಟ್ಸ್ ಎನ್ನುವರು. ಬೆಳಕಿನ ವೇಗವಾದ ಸೆಕೆಂಡಿಗೆ ೩೦ ಕೋಟಿ ಮೀಟರನ್ನು ಈ ಸಂಖ್ಯೆಯಿಂದ ಭಾಗಿಸಿದರೆ ೧೨.೫ ಸೆಂಟಿಮೀಟರ್ ಬರುವುದು. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗೆ ಇರುವ ದೂರ ಇಷ್ಟು, ಇದೇ ತರಂಗಾಂತರ. ಏರಿಯಲ್ ಚೆನ್ನಾಗಿ ಕೆಲಸ ಮಾಡಬೇಕಾದರೆ ಅದರ ಅಳತೆಯು ತರಂಗಾಂತರಕ್ಕೆ ಒಪ್ಪುವಂತಿರಬೇಕು. ಸಾಮಾನ್ಯವಾಗಿ ಅದರ ಅರ್ಧ ಅಥವಾ ಕಾಲುಭಾಗ ಸಾಕು. ಹಳೆಯ ರೇಡಿಯೋದ ಮಧ್ಯಮ ತರಂಗಗಳು ನೂರಾರು ಮೀಟರ್ ಉದ್ದದವಾದುದರಿಂದ ಅದಕ್ಕೆ ತೆಂಗಿನ ಮರದವರೆಗೆ ತಂತಿ ಬೇಕಾಯಿತು; ಇಲ್ಲಿಯಾದರೋ ಕಾಲು ತರಂಗಾಂತರವೆಂದರೆ ೩೧ ಮಿಲಿಮೀಟರ್, ಕಿರುಬೆರಳಿಗಿಂತಲೂ ಗಿಡ್ಡ. ಇಷ್ಟು ಚಿಕ್ಕದಾದುದರಿಂದಲೇ ಅದನ್ನು ಲ್ಯಾಪ್‌ಟಾಪಿನ ಒಳಗೆ ಬಚ್ಚಿಡುವುದು ಸಾಧ್ಯವಾಗಿದೆ.

ಮೊದಮೊದಲು ಅದು ಇಷ್ಟು ಮರೆಯಾಗಿರಲಿಲ್ಲ. ನಿಸ್ತಂತು ಜಾಲಕ್ಕೆ ೮೦೨.೧೧ ಎಂಬ ಅಂತರರಾಷ್ಟ್ರೀಯ ಮಾನಕವು ೧೯೯೭ರಲ್ಲಿ ಸಿದ್ಧವಾಯಿತು. ವೈ-ಫೈ ಎಂಬ ಹೆಸರು ೧೯೯೯ರಲ್ಲಿ ಹುಟ್ಟಿತು. ಆ ಕಾಲದ ಲ್ಯಾಪ್‌ಟಾಪುಗಳಿಗೆ ಪಕ್ಕದ ಸೀಳಿನಲ್ಲಿ ತೂರಿಸುವ ಕಾರ್ಡೊಂದನ್ನು ಬೇರೆಯಾಗಿ ಕೊಳ್ಳಬೇಕಾಗಿತ್ತು. ಹಾಲೆಂಡಿನಲ್ಲಿ ರೂಪುಗೊಂಡ ವೇವ್‌ಲ್ಯಾನ್ ಕಾರ್ಡು, ಮುಂದೆ ಲೂಸೆಂಟ್ ಕಂಪನಿಯ ಒರಿನೋಕೊ ಎಂಬ ಹೆಸರಿನಿಂದ ಬಂದದ್ದು, ಇವುಗಳಲ್ಲಿ ಪ್ರಸಿದ್ಧವಾದುದು. ಕಾರ್ಡಿನ ತುದಿ ಲ್ಯಾಪ್‌ಟಾಪಿನಿಂದ ಒಂದಿಂಚಿನಷ್ಟು ಹೊರಚಾಚಿಕೊಂಡಿರುತ್ತಿತ್ತು. ಏರಿಯಲ್ ಇದ್ದುದು ಅಲ್ಲಿಯೇ. ಅದರ ಅಂಚಿನಲ್ಲಿ ಪುಟ್ಟ ಮುಚ್ಚಳದ ಕೆಳಗೆ ಒಂದು ರಂಧ್ರವೂ ಇತ್ತು. ಹೊರಗಿನ ಏರಿಯಲ್ಲಿನ ತಂತಿಯನ್ನು ಅದಕ್ಕೆ ಸಿಕ್ಕಿಸಬಹುದಾಗಿತ್ತು. ಹವ್ಯಾಸಿಗಳಿಗೆ ಈ ಕಾರ್ಡಿನ ಮೇಲೆ ಅಷ್ಟೊಂದು ಮಮತೆ ಹುಟ್ಟಲು ಆ ರಂಧ್ರವೇ ಕಾರಣ. ಆಪಲ್ ಕಂಪನಿಯು ೧೯೯೯ರಲ್ಲಿ ಹೊರತಂದ ಐಬುಕ್ ಯಂತ್ರದಲ್ಲಿ ಏರಿಯಲ್ಲನ್ನು ಪರದೆಯ ಅಂಚಿನೊಳಗೆ ಹುದುಗಿಸಿದರು. ಪರದೆಯು ನೆಟ್ಟಗೆ ನಿಂತಿರುವುದರಿಂದ ಏರಿಯಲ್ಲಿಗೆ ಒಂದು ಗೇಣು ಎತ್ತರ ದೊರೆಯುವುದು. ಬಳಸುವವನ ಕೈ, ತೊಡೆಗಳೂ ಅಡ್ಡ ಬರುವುದಿಲ್ಲ. ಇದು ಜಾಣತನದ ಏರ್ಪಾಡು. ಇಂದಿನ ಬಹುತೇಕ ಎಲ್ಲ ಲ್ಯಾಪ್‌ಟಾಪುಗಳಲ್ಲಿ ಏರಿಯಲ್ ಪರದೆಯ ಸುತ್ತಲೋ ಅದರ ಬುಡದ ಕೀಲಿನ ಬಳಿಯೋ ಇರುವುದು.

ಹೊರಗಿನ ಏರಿಯಲ್ ಏನು ಮಾಡುತ್ತದೆ? ಅದು ಶಕ್ತಿಯನ್ನು ಹುಟ್ಟಿಸುವುದಿಲ್ಲ. ಗೋಡೆಗೆ ತೂಗುಹಾಕುವ ಸೀಮೆಎಣ್ಣೆಯ ದೀಪದ ಹಿಂದೆ ಹೊಳೆಯುವ ತಗಡನ್ನು ಇಡುತ್ತಿದ್ದುದನ್ನು ಹಿರಿಯರು ಬಲ್ಲರು. ಉರಿಯುವ ಎಣ್ಣೆ ಅಷ್ಟೇ. ಆದರೆ ಹಿಂದಕ್ಕೆ ಹೋಗಿ ವ್ಯರ್ಥವಾಗುತ್ತಿದ್ದ ಬೆಳಕು ಮುಂದಕ್ಕೆ ತಿರುಗಿ ಅಂಗಳ ಬೆಳಗುವುದು. ಏರಿಯಲ್ಲಿನ ಗಳಿಕೆಯೆಂದರೆ ಇದೇ. ಒಂದು ದಿಕ್ಕಿನಲ್ಲಿ ಗಳಿಸಿದ್ದನ್ನು ಅದು ಬೇರೆ ದಿಕ್ಕುಗಳಲ್ಲಿ ಕಳೆದಿರುತ್ತದೆ. ಇದಕ್ಕೆ ಇನ್ನೊಂದು ಗುಣವುಂಟು. ಕಿವಿಯ ಹಿಂದೆ ಅಂಗೈಯನ್ನು ಬೋಗುಣಿಯಂತೆ ಹಿಡಿದರೆ ದೂರದ ಮಾತು ಹೆಚ್ಚು ಕೇಳುವಂತೆ, ಯಾವ ದಿಕ್ಕಿನಲ್ಲಿ ಏರಿಯಲ್ ಬಲವಾಗಿ ಕಳುಹಿಸುವುದೋ ಅದೇ ದಿಕ್ಕಿನಿಂದ ಅದು ಬಲವಾಗಿ ಸ್ವೀಕರಿಸುವುದು. ಪ್ರೇಷಕದ ಶಕ್ತಿಯನ್ನು ಹೆಚ್ಚಿಸುವ ಯಂತ್ರವನ್ನು ಜೋಡಿಸಿದರೆ ಕೂಗು ದೊಡ್ಡದಾದೀತು, ಕಿವಿ ಚುರುಕಾಗದು. ಮಾತುಕತೆಗೆ ಎರಡೂ ಬೇಕಷ್ಟೆ. ಆದುದರಿಂದಲೇ ಒಳ್ಳೆಯ ಏರಿಯಲ್ಲಿಗೆ ವ್ಯಯಿಸಿದ ಹಣವು ಎಂದೂ ಮೇಲು.

ಗಳಿಕೆ ನಷ್ಟಗಳನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುವುದು ವಾಡಿಕೆ. ೧೦ ಡೆಸಿಬೆಲ್ ಎಂದರೆ ಹತ್ತು ಪಟ್ಟು, ೨೦ ಎಂದರೆ ನೂರು ಪಟ್ಟು, ೩ ಎಂದರೆ ಹೆಚ್ಚುಕಡಿಮೆ ಎರಡು ಪಟ್ಟು. ಗುಣಾಕಾರಗಳನ್ನೆಲ್ಲ ಕೂಡಿಸುವ ಕಳೆಯುವ ಲೆಕ್ಕಕ್ಕೆ ಇಳಿಸುವುದೇ ಇದರ ಉಪಯೋಗ. ಲಾಗರಿತಮ್ ಕಲಿತ ವಿದ್ಯಾರ್ಥಿಗೆ ಇದು ಹೊಸದಲ್ಲ. ಒಂದು ಮಿಲಿವಾಟನ್ನು ಸೊನ್ನೆಯೆಂದು ಇಟ್ಟುಕೊಂಡರೆ, ವೈ-ಫೈ ರೂಟರಿನ ೧೦೦ ಮಿಲಿವಾಟ್ +೨೦ ಆಗುವುದು. ಅದರ ಕಡ್ಡಿ ಏರಿಯಲ್ಲಿನ ಗಳಿಕೆ ೨. ಅಡೆತಡೆಯಿಲ್ಲದ ಬಯಲಿನಲ್ಲಿ ೩೦೦ ಮೀಟರ್ ಸಾಗುವಷ್ಟರಲ್ಲಿ ಅಲೆಯು ಹರಡಿ ಸುಮಾರು ೯೦ ಡೆಸಿಬೆಲ್ ಕ್ಷೀಣಿಸುವುದು. ಅಂದರೆ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು ಮಾತ್ರ ಲ್ಯಾಪ್‌ಟಾಪನ್ನು ಮುಟ್ಟುವುದು. ಇಪ್ಪತ್ತು ಕೂಡಿಸು ಎರಡು ಕಳೆ ತೊಂಬತ್ತು: –೬೮. ಒಂದು ಮಿಲಿವಾಟಿನ ಅರವತ್ತು ಲಕ್ಷದಲ್ಲೊಂದು ಪಾಲು! ಇಷ್ಟು ಅಲ್ಪವಾದ ಶಕ್ತಿಯೇ ಒಂದು ಚಲಚ್ಚಿತ್ರವನ್ನು ಹೊತ್ತು ತರಲು ಸಾಕಾಗುವುದೆಂಬುದು ಈ ಕಾಲದ ವಿಸ್ಮಯಗಳಲ್ಲಿ ಒಂದು.

ಬಯಲಾಗಿದ್ದರೆ ತಮ್ಮನ ಮನೆಗೆ ಏರಿಯಲ್ಲೇ ಬೇಕಾಗಿರಲಿಲ್ಲ. ಆದರೆ ಎರಡು ಮನೆಗಳ ಕಲ್ಲಿನ ಗೋಡೆಗಳು ತಲಾ ೬ ಡೆಸಿಬೆಲ್, ನಡುವಣ ಅಡಕೆಯ ಸೋಗೆಗಳು ೧೨ ಡೆಸಿಬೆಲ್ ನುಂಗುವುವೆಂದು ಭಾವಿಸೋಣ. (ಸ್ಥಳದಿಂದ ಸ್ಥಳಕ್ಕೆ ಈ ಅಂಕಿಗಳು ಬಹಳ ಬದಲಾಗುವುವು.) ಉಳಿದುದು –೯೨. ಅತಿ ನಿಧಾನವಾದ ಸಂಪರ್ಕಕ್ಕೂ –೮೨ರ ಸುಮಾರಿನಲ್ಲಿ ಇರಬೇಕು. ಈಗ ೮ ಡೆಸಿಬೆಲ್ ಗಳಿಕೆಯ ಏರಿಯಲ್ಲನ್ನು ತಮ್ಮನ ಮನೆಯ ಕಿಟಕಿಯ ಹೊರಗಿಟ್ಟರೆ, ಅದರ ಎಂಟು, ತಪ್ಪಿದ ಗೋಡೆಯ ಆರು, ಒಟ್ಟು ಹದಿನಾಲ್ಕು ಬಂದವು. ಕೇಬಲಿಗೆ ಒಂದು ಹೋಯಿತು. –೭೯. ಸಂಪರ್ಕವೇನೋ ನಿಂತೀತು, ಆದರೆ ಕುಂಟುತ್ತ. ಅಣ್ಣನ ಮನೆಯ ಕಡೆಯೂ ರೂಟರಿನ ಕಡ್ಡಿಯ ಬದಲು ಅಂಥದೇ ಏರಿಯಲ್ಲನ್ನು ಕಿಟಕಿಗೆ ತಂದರೆ ಇನ್ನೊಂದು ಹನ್ನೊಂದು ಸೇರಿ, ಬಯಲಿನಲ್ಲಿ ದೊರೆಯುತ್ತಿದ್ದ –೬೮ಕ್ಕೇ ಬಂದು ನಿಲ್ಲುತ್ತೇವೆ.

ಈ ಲೆಕ್ಕದಲ್ಲಿ ಕೇಬಲಿಗೆ ಒಂದೇ ಡೆಸಿಬೆಲ್ ಕೊಟ್ಟದ್ದನ್ನು ವಾಚಕರು ಗಮನಿಸಿರಬಹುದು. ಹೊಸಬರ ಪ್ರಯತ್ನಗಳು ಮುಗ್ಗರಿಸುವುದು ಇಲ್ಲಿಯೇ. ಒಳಗೊಂದು ತಂತಿ, ಅದರ ಸುತ್ತ ನಿರೋಧಕ, ಅದರ ಸುತ್ತ ತಂತಿಯ ಹೆಣಿಗೆ ಇರುವ ಏಕಾಕ್ಷ ಕೇಬಲಿನಲ್ಲಿ ಈ ಅಲೆಗಳನ್ನು ಹಾಯಿಸುವರು. ಬೆರಳುಗಾತ್ರಕ್ಕಿಂತ ಸಣ್ಣದಾದ ಆರ್.ಜಿ. ೧೭೪ ಎಂಬ ಕೇಬಲು ಮೀಟರೊಂದಕ್ಕೆ ೨ ಡೆಸಿಬೆಲಿನಷ್ಟು ತಿಂದುಹಾಕುವುದು. ಆರ್.ಜಿ. ೫೮ ಎಂಬುದು ಸುಮಾರು ೧ ಡೆಸಿಬೆಲ್. ಅದನ್ನು ಎಂಟು ಮೀಟರ್ ಉದ್ದ ಎಳೆದು ಮಾಡಿನ ಮೇಲೆ ೮ ಡೆಸಿಬೆಲಿನ ಏರಿಯಲ್ ಕಟ್ಟಿದವನು ಕಷ್ಟಪಟ್ಟು ಗಳಿಸಿದ್ದನ್ನೆಲ್ಲ ದಾರಿಯಲ್ಲೇ ಚೆಲ್ಲಿಕೊಂಡಂತೆ. ಎಲ್.ಎಂ.ಆರ್. ೪೦೦ ಎಂಬ ದಪ್ಪ ಕೇಬಲಿನಲ್ಲಿ ನಷ್ಟವು ಮೀಟರಿಗೆ ಕಾಲು ಡೆಸಿಬೆಲಿಗಿಂತ ಕಡಿಮೆ. ಆದರೆ ಅದು ಬಾಗದು, ಬೆಲೆಯೂ ಹೆಚ್ಚು. ಹಳೆಯ ರೇಡಿಯೋದವರಿಗೆ ಈ ಚಿಂತೆಯಿರಲಿಲ್ಲ. ಕಂಪನಗಳ ಸಂಖ್ಯೆ ಹೆಚ್ಚಿದಷ್ಟೂ ಕೇಬಲಿನ ಹಸಿವೂ ಹೆಚ್ಚುವುದು.

ಲ್ಯಾಪ್‌ಟಾಪಿನೊಳಗೆ ಈ ಜೋಡಣೆಯನ್ನು ಮಾಡುವುದು ಹೇಗೆ? ತಳದ ಮುಚ್ಚಳವನ್ನು ತೆಗೆದರೆ ನಿಸ್ತಂತು ಕಾರ್ಡು ಕಾಣುವುದು. ಅದರ ಒಂದಂಚಿನಲ್ಲಿ ಸಾಸಿವೆಕಾಳಿಗಿಂತ ತುಸು ದೊಡ್ಡದಾದ ಎರಡು ಹೊಂಬಣ್ಣದ ಗುಂಡಿಗಳಿರುವುವು. ಪರದೆಯಿಂದ ಇಳಿದುಬಂದ ಕಪ್ಪು ಬಿಳುಪಿನ ನವುರಾದ ಎರಡು ತಂತಿಗಳು ಅವಕ್ಕೆ ಸಿಕ್ಕಿಕೊಂಡಿರುವುವು. ಯು.ಎಫ್.ಎಲ್. ಎಂಬ ಈ ಗುಂಡಿಯನ್ನು ತಯಾರಿಸಿದ ಜಪಾನಿನ ಹಿರೋಸೆ ಕಂಪನಿಯು ಅದಕ್ಕೆ ವಿಧಿಸಿರುವ ಆಯುಸ್ಸು ಮೂವತ್ತು ಸಲ ಸಿಕ್ಕಿಸಿ ಬಿಡಿಸುವಷ್ಟು ಮಾತ್ರ. ಇತ್ತೀಚಿನ ಕಾರ್ಡುಗಳಲ್ಲಿರುವ ಗುಂಡಿಗಳು ಇನ್ನೂ ಚಿಕ್ಕವು. ಒಂದರ ತಂತಿ ಇನ್ನೊಂದಕ್ಕೆ ಕೂಡದು. ಉಗುರಿನಿಂದ ನೇರವಾಗಿ ಮೇಲೆತ್ತಬೇಕಲ್ಲದೆ ಪಕ್ಕಕ್ಕೆ ಎಳೆಯಬಾರದು. ಕಿತ್ತುಬಂದ ಗುಂಡಿಯನ್ನು ಮರಳಿ ಬೆಸೆಯುವುದು ನುರಿತವರಿಗೂ ಕಷ್ಟ. ಬ್ಯಾಟರಿಯನ್ನು ಬೇರ್ಪಡಿಸಿ ಕೈಯಿಕ್ಕಬೇಕೆಂದು ಬೇರೆ ಹೇಳಬೇಕಾಗಿಲ್ಲ. ಖಾತರಿಯ ಅವಧಿ ಮುಗಿಯದ ಯಂತ್ರವನ್ನು ಬಿಚ್ಚದಿರುವುದೇ ಲೇಸು.

ಎರಡು ಗುಂಡಿಗಳೇಕೆ? ಹಳೆಯ ಕಾರ್ಡುಗಳು ಎರಡು ಏರಿಯಲ್‌ಗಳಲ್ಲಿ ಯಾವುದಕ್ಕೆ ಅಲೆ ಚೆನ್ನಾಗಿ ಬೀಳುವುದೋ ಅದನ್ನು ಆರಿಸಿಕೊಳ್ಳುತ್ತಿದ್ದವು. ಅಂಥ ಕಾರ್ಡಿನಲ್ಲಿ ಮುಖ್ಯವೆಂದು ಗುರುತಿಸಿದ ಒಂದನ್ನು ಹೊರಗಿನ ಏರಿಯಲ್ಲಿಗೆ ಕೊಟ್ಟರೆ ಸಾಕು. ೨೦೦೯ರಲ್ಲಿ ಬಂದ ಮಾನಕದಿಂದೀಚೆಗೆ ಎರಡು ಏರಿಯಲ್‌ಗಳೂ ಏಕಕಾಲದಲ್ಲಿ ಬೇರೆ ಬೇರೆ ಸಂದೇಶಗಳನ್ನು ಸಾಗಿಸಬಲ್ಲವು. ಹೊಸ ಕಾರ್ಡಿನ ಪೂರ್ಣ ವೇಗ ಬೇಕೆನ್ನುವವರು ಎರಡನ್ನೂ ಹೊರತರಬೇಕು.

ಕಾರ್ಡಿನಿಂದ ಹೊರಟ ಗಿಡ್ಡ ತಂತಿಯು ಲ್ಯಾಪ್‌ಟಾಪಿನ ಅಂಚಿನಲ್ಲಿ ತಿರುಪಿನ ಜೋಡಣೆಯೊಂದರಲ್ಲಿ ಮುಗಿಯುವುದು. ಅಂಗಡಿಯಲ್ಲಿ ಇದನ್ನು ಕೊಳ್ಳುವಾಗ ಎಚ್ಚರ ಬೇಕು. ಎಸ್.ಎಂ.ಎ. ಎಂಬ ಸಾಮಾನ್ಯ ಜೋಡಣೆಯಲ್ಲಿ ಒಂದು ಕಡೆ ಸೂಜಿ, ಇನ್ನೊಂದು ಕಡೆ ತೂತು ಇರುವುವು. ಜನರು ಮನಬಂದ ಏರಿಯಲ್‌ಗಳನ್ನು ಸಿಕ್ಕಿಸದಿರಲೆಂದು ಅಮೆರಿಕದ ಸರ್ಕಾರವು ಈ ಯಂತ್ರಗಳಿಗೆ ಅಸಾಮಾನ್ಯ ಜೋಡಣೆಗಳೇ ಇರಬೇಕೆಂದು ನಿಯಮ ಮಾಡಿತು. ತಯಾರಕರು ಸೂಜಿ ತೂತುಗಳನ್ನು ಅದಲುಬದಲು ಮಾಡಿ ನಿಯಮವನ್ನು ಪಾಲಿಸಿದರು. ಕೆಲವೇ ವರ್ಷಗಳಲ್ಲಿ ಆ ಅಸಾಮಾನ್ಯವೇ ಎಲ್ಲ ಅಂಗಡಿಗಳಲ್ಲಿ ಸಾಮಾನ್ಯವಾಯಿತು! ಎರಡು ಬಗೆಗಳನ್ನು ಬೆರೆಸಿದರೆ ತಿರುಪು ಚೆನ್ನಾಗಿಯೇ ಕೂಡುವುದು, ಆದರೆ ಒಳಗೆ ತೂತಿಗೆ ತೂತು ಎದುರಾಗಿ ಸಂಪರ್ಕವೇ ಇರುವುದಿಲ್ಲ.

ಇನ್ನು ಏರಿಯಲ್. ಜಪಾನಿನ ಸೆಂಡೈ ನಗರದ ವಿಶ್ವವಿದ್ಯಾನಿಲಯದಲ್ಲಿ ಉದಾ ಮತ್ತು ಯಾಗಿ ಎಂಬವರು ೧೯೨೬ರಲ್ಲಿ ಪ್ರಕಟಿಸಿದ ಮೀನಿನ ಮುಳ್ಳಿನ ಮಾದರಿಯನ್ನೇ ಸಣ್ಣದಾಗಿ ಮಾಡಿ ಮಾರುವುದುಂಟು. ಆದರೆ ವಿದ್ಯಾರ್ಥಿಗಳು ಕೈಯಾರ ಮಾಡಬಹುದಾದುದು ಖಾಲಿ ತಗಡಿನ ಡಬ್ಬಿಯ ಏರಿಯಲ್. ಇದರ ವಂಶ ದೊಡ್ಡದು. ಆಚಾರ್ಯ ಜಗದೀಶಚಂದ್ರ ಬೋಸರು ೧೮೯೫ರಲ್ಲಿ ಕಲ್ಕತ್ತೆಯಲ್ಲಿ ನಿಸ್ತಂತು ಅಲೆಗಳ ಪ್ರಯೋಗಗಳನ್ನು ತೋರಿಸಿದವರು. ಅವರ ಉಪಕರಣಗಳಲ್ಲಿ ಅಲೆಗಳನ್ನು ಹೊಮ್ಮಿಸಲು ಲೋಹದ ನಳಿಗೆಯನ್ನೂ ಹಿಡಿಯಲು ಆಲಿಕೆಯಂಥ ಬಾಯನ್ನೂ ಬಳಸಿದ್ದರು. ಟೊಳ್ಳು ನಳಿಗೆಯಲ್ಲಿ ಇಂಥ ಅಲೆಗಳು ಹೇಗೆ ಸಾಗುವುವೆಂಬ ಗಣಿತವನ್ನು ಲಾರ್ಡ್ ರ‍್ಯಾಲೆ ೧೮೯೭ರಲ್ಲಿ ಬಿಡಿಸಿದನು. ಆ ಗಣಿತದ ತಾತ್ಪರ್ಯವಿಷ್ಟು: ನಳಿಗೆಯ ವ್ಯಾಸವನ್ನು ೧.೭೦೬ರಿಂದ ಗುಣಿಸಿದಾಗ ಬರುವ ಉದ್ದಕ್ಕಿಂತ ತರಂಗಾಂತರವು ದೊಡ್ಡದಾದರೆ ಅಲೆ ಒಳಗೆ ಸಾಗಲಾರದು. ವೈ-ಫೈ ಪಟ್ಟಿಯ ನಡುವಣ ತರಂಗಾಂತರ ೧೨.೩ ಸೆಂಟಿಮೀಟರ್, ಆದುದರಿಂದ ಡಬ್ಬಿಯ ವ್ಯಾಸ ೭.೨ ಸೆಂಟಿಮೀಟರಿಗಿಂತ ಹೆಚ್ಚಿರಬೇಕು. ೯.೪ ದಾಟಿದರೆ ಬೇರೊಂದು ಬಗೆಯ ಕಂಪನವೂ ಒಳನುಗ್ಗಿ ಕೆಲಸ ಕೆಡುವುದು. ೨೦೦೧ರ ಸುಮಾರಿಗೆ ಅಮೆರಿಕದ ಹವ್ಯಾಸಿಗಳು ಪ್ರಿಂಗಲ್ಸ್ ಎಂಬ ಆಲೂಗಡ್ಡೆ ತಿಂಡಿಯ ನೀಳ ಡಬ್ಬಿಯಿಂದ ಏರಿಯಲ್ ಮಾಡಿದ ಸುದ್ದಿ ಲೋಕವೆಲ್ಲ ಹರಡಿತು. ಕೀರ್ತಿ ಅದಕ್ಕೆ ಸಂದರೂ, ಅದರ ವ್ಯಾಸ ತೀರ ಅಂಚಿನಲ್ಲಿರುವುದರಿಂದ ಹದವಾದ ಗಾತ್ರದ ಯಾವುದೇ ತಗಡಿನ ಡಬ್ಬಿ ಅದಕ್ಕಿಂತ ವಾಸಿ.

೮.೩ ಸೆಂಟಿಮೀಟರ್ ವ್ಯಾಸದ ಡಬ್ಬಿ ಸಿಕ್ಕಿತೆನ್ನಿ. ನಳಿಗೆಯೊಳಗೆ ಅಲೆಯು ಹೊರಗಿನದಕ್ಕಿಂತ ಹಿಗ್ಗುವುದು. ಈ ವ್ಯಾಸದಲ್ಲಿ ಅದು ೨೪.೮ ಸೆಂಟಿಮೀಟರ್ ಆಗುವುದು. ಇದರ ಕಾಲುಭಾಗ, ಎಂದರೆ ೬.೨ ಸೆಂಟಿಮೀಟರನ್ನು ಮುಚ್ಚಿದ ತಳದಿಂದ ಅಳೆದು, ಅಲ್ಲಿ ಪಕ್ಕದ ತಗಡಿಗೆ ರಂಧ್ರ ಕೊರೆದು ಜೋಡಣೆಯ ಗುಂಡಿಯನ್ನು ಕೂಡಿಸಬೇಕು. ಗುಂಡಿಯ ನಡುಸೂಜಿಗೆ ದಪ್ಪ ತಾಮ್ರದ ತಂತಿಯನ್ನು ಬೆಸೆದು, ಅದು ಡಬ್ಬಿಯೊಳಕ್ಕೆ ೩೧ ಮಿಲಿಮೀಟರ್ ಚಾಚಿಕೊಂಡಿರುವಂತೆ ಮಾಡಬೇಕು. ಹಿಂದಕ್ಕೆ ಹೋದ ಅಲೆ ತಳಕ್ಕೆ ಬಡಿದು ಮರಳಿ ಬರುವಾಗ, ತಂತಿಯಿಂದ ಹೊಸದಾಗಿ ಹೊರಡುವ ಅಲೆಯೊಡನೆ ಹೆಜ್ಜೆಗೂಡಿ ಮುಂದಕ್ಕೆ ನುಗ್ಗುವುದು. ಕಾಲುಭಾಗದ ಅಳತೆಯ ಗುಟ್ಟು ಇದೇ. ಡಬ್ಬಿಯು ಮುಕ್ಕಾಲು ಅಲೆಯಷ್ಟು, ಎಂದರೆ ೧೮.೬ ಸೆಂಟಿಮೀಟರ್ ಉದ್ದವಿದ್ದರೆ ಒಳ್ಳೆಯದು. ಬಾಯಿಗೆ ತೆಳುವಾದ ಪ್ಲಾಸ್ಟಿಕ್ ಮುಚ್ಚಳ ಹಾಕಿದರೆ ಮಳೆನೀರು, ಕಣಜಗಳು ಹೋಗವು. ಅಲೆಗಳಿಗೆ ಅದರಿಂದ ತಡೆಯಿಲ್ಲ. ಗಳಿಕೆ ಏಳೆಂಟು ಡೆಸಿಬೆಲ್ ಬಂದೀತು. ತಾಮ್ರದ ತಂತಿಯು ನಿಂತ ದಿಕ್ಕು ಮುಖ್ಯ: ರೂಟರಿನ ಕಡ್ಡಿ ಲಂಬವಾಗಿದ್ದರೆ ಇದೂ ಲಂಬವಾಗಿರಬೇಕು. ಒಂದು ನಿಂತು ಇನ್ನೊಂದು ಮಲಗಿದರೆ ಗಳಿಸಿದ್ದೆಲ್ಲ ವ್ಯರ್ಥ.

ತೋಟದ ವಿಷಯ ಹೇಳಬೇಕು. ಎಲೆಗಳಲ್ಲಿರುವ ನೀರು ಈ ಅಲೆಗಳನ್ನು ಹೀರುವುದು. ಮಳೆ ಬಂದು ಸೋಗೆ ತೊಯ್ದಾಗ ಇನ್ನಷ್ಟು. ಕಣ್ಣಿಗೆ ದಾರಿ ತೆರವಾಗಿ ಕಂಡರಷ್ಟೇ ಸಾಲದು. ಅಲೆಯು ಗೆರೆಯಂತೆ ಸಾಗದೆ ನಡುವೆ ಉಬ್ಬಿದ ಕದಿರಿನಂತೆ ಸಾಗುವುದರಿಂದ, ೩೦೦ ಮೀಟರಿನ ದಾರಿಯ ಮಧ್ಯದಲ್ಲಿ ಸುತ್ತಲೂ ೩ ಮೀಟರ್, ಕನಿಷ್ಠಪಕ್ಷ ಎರಡು ಮೀಟರಿನಷ್ಟು ಬಿಡುವು ಬೇಕು. ಬಿಡುವಿದ್ದರೆ ದೂರವು ದೊಡ್ಡ ಮಾತೇ ಅಲ್ಲ. ವೆನಿಜುವೆಲಾ ದೇಶದಲ್ಲಿ ಎರಡು ಬೆಟ್ಟಗಳ ನಡುವೆ ೨೦೦೭ರಲ್ಲಿ ೩೮೨ ಕಿಲೋಮೀಟರ್ ದೂರ ವೈ-ಫೈ ಸಾಗಿಸಿದರು. ತಮಿಳುನಾಡಿನ ಥೇಣಿಯಲ್ಲಿ ಅರವಿಂದ ಕಣ್ಣಾಸ್ಪತ್ರೆಯು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರೊಡನೆ ಕೂಡಿ ಇಂಥ ಏರಿಯಲ್‌ಗಳಿಂದ ಹಳ್ಳಿಯ ದೃಷ್ಟಿಕೇಂದ್ರಗಳನ್ನು ಜೋಡಿಸಿತು. ರೋಗಿಯು ತನ್ನ ಹಳ್ಳಿಯಲ್ಲಿದ್ದುಕೊಂಡೇ ಪಟ್ಟಣದ ವೈದ್ಯನಿಗೆ ಮುಖ ತೋರಿಸಿ ಮಾತನಾಡಿದನು. ಅಷ್ಟು ದೂರಕ್ಕೆ ತಂತ್ರಾಂಶವನ್ನೂ ತಿದ್ದಬೇಕಾಗುವುದು. ವೈ-ಫೈ ಯಂತ್ರವು ಪ್ರತಿ ಮಾತಿಗೂ "ಕೇಳಿಸಿತು" ಎಂಬ ಉತ್ತರವನ್ನು ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಬಯಸುವುದು. ಬೆಳಕಿಗಾದರೋ ಕಿಲೋಮೀಟರೊಂದಕ್ಕೆ ಮೂರಕ್ಕೂ ಮಿಕ್ಕಿದ ಮೈಕ್ರೋಸೆಕೆಂಡು ಬೇಕು.

ಲ್ಯಾಪ್‌ಟಾಪನ್ನು ಬಿಚ್ಚಲು ಅಂಜುವವರಿಗೆ ಸುಲಭವಾದ ದಾರಿಯೊಂದಿದೆ. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನವರಿಗೆ ಇದೇ ಉತ್ತಮ. ತಿರುಪಿನ ಏರಿಯಲ್ ಇರುವ ಯು.ಎಸ್.ಬಿ. ನಿಸ್ತಂತು ಯಂತ್ರವೊಂದನ್ನು ಕೊಂಡು, ಏರಿಯಲ್ಲನ್ನು ಯಂತ್ರದ ಬಳಿಗೆ ತರುವ ಬದಲು ಯಂತ್ರವನ್ನೇ ಏರಿಯಲ್ಲಿನ ಬಳಿಗೆ ಒಯ್ಯುವುದು. ಯು.ಎಸ್.ಬಿ. ಕೇಬಲಿನಲ್ಲಿ ಹರಿಯುವುದು ಅಂಕಿಗಳ ರೂಪದ ಸಂದೇಶ. ಐದು ಮೀಟರಿನವರೆಗೆ ಅದು ಸವೆಯದೆ ತಲಪುವುದು. ಡಬ್ಬಿಗೂ ಯಂತ್ರಕ್ಕೂ ನಡುವೆ ಗೇಣುದ್ದದ ಏಕಾಕ್ಷ ಕೇಬಲ್ ಇದ್ದರೆ ಆಯಿತು. ಕಾರ್ಡನ್ನೇ ಒಡಲಿಗೆ ಬೆಸೆದಿರುವ ತೆಳು ಲ್ಯಾಪ್‌ಟಾಪುಗಳಿಗೆ ಇದಲ್ಲದೆ ಬೇರೆ ಉಪಾಯವೂ ಇಲ್ಲ.

ಭಾರತ ಸರ್ಕಾರವು ೨೦೦೫ರ ನಿಯಮಗಳಿಂದ ೨.೪ ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಲ್ಲದೆ ಬಳಸಲು ಬಿಟ್ಟುಕೊಟ್ಟಿತು; ಆದರೆ ಮಿತಿಗಳನ್ನು ಹಾಕಿತು. ಪ್ರೇಷಕದ ಶಕ್ತಿ ೧ ವಾಟನ್ನೂ, ಏರಿಯಲ್ಲಿನ ಗಳಿಕೆಯನ್ನು ಸೇರಿಸಿ ೪ ವಾಟನ್ನೂ ಮೀರಕೂಡದು. ಏರಿಯಲ್ ಕಟ್ಟಡದ ಮಾಡಿನಿಂದ ೫ ಮೀಟರಿಗಿಂತ ಮೇಲೇರಕೂಡದು. ೧೦೦ ಮಿಲಿವಾಟಿನ ಯಂತ್ರಕ್ಕೆ ೧೬ ಡೆಸಿಬೆಲ್, ಎಂದರೆ ನಲವತ್ತು ಪಟ್ಟು ಗಳಿಕೆಯ ಏರಿಯಲ್ ಜೋಡಿಸಿದರೆ ಸರಿಯಾಗಿ ೪ ವಾಟ್ ಆಗುವುದು. ನಮ್ಮ ಡಬ್ಬಿ ಇದರಿಂದ ಬಹು ದೂರ. ಇನ್ನೊಂದು ಮಾತು: ಬಲವಾದ ಏರಿಯಲ್ ಕಟ್ಟಿದವನಿಗೆ ಅಕ್ಕಪಕ್ಕದ ಎಷ್ಟೋ ಮನೆಗಳ ಜಾಲಗಳು ಕಾಣತೊಡಗುವುವು. ಒಡೆಯನ ಅಪ್ಪಣೆಯಿಲ್ಲದೆ ಅವನ ಜಾಲವನ್ನು ಹೊಗುವುದು ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಮೇರೆಗೆ ಅಪರಾಧಕ್ಕೆ ಗುರಿಮಾಡಬಲ್ಲುದು. ದೊಡ್ಡಪ್ಪನನ್ನೂ ಕೇಳಿಯೇ ಜೋಡಿಸಬೇಕು.

ಕೊನೆಯದಾಗಿ ಗುರಿ ಹಿಡಿಯುವ ಕೆಲಸ. ಇದಕ್ಕೆ ಇಬ್ಬರಿದ್ದರೆ ಅನುಕೂಲ. ಒಬ್ಬರು ಲ್ಯಾಪ್‌ಟಾಪಿನ ಮುಂದೆ ಕುಳಿತು ಸಂಕೇತದ ಬಲವನ್ನು ಡೆಸಿಬೆಲಿನಲ್ಲಿ ತೋರಿಸುವ ತಂತ್ರಾಂಶದ ಅಂಕಿಯನ್ನು ಗಟ್ಟಿಯಾಗಿ ಓದುತ್ತಿರಬೇಕು. ಪರದೆಯ ಮೂಲೆಯ ನಾಲ್ಕು ಗೆರೆಗಳನ್ನು ನಂಬಿದರೆ ಆಗದು. ಇನ್ನೊಬ್ಬರು ಡಬ್ಬಿಯನ್ನು ಒಂದೆರಡು ಬೆರಳಷ್ಟು ತಿರುಗಿಸಿ, ಐದಾರು ಸೆಕೆಂಡು ಕಾದು, ಮತ್ತೆ ತಿರುಗಿಸಬೇಕು. ಅಂಕಿಯು ಏರಿಯಲ್ಲಿಗಿಂತ ತುಸು ತಡವಾಗಿ ಬದಲಾಗುವುದರಿಂದ ಅವಸರ ಕೂಡದು. ಅಕ್ಕಪಕ್ಕಕ್ಕೆ ಸರಿಹೋದ ಮೇಲೆ ಮೇಲೆ ಕೆಳಗೆ, ಅನಂತರ ಡಬ್ಬಿಯನ್ನು ಅದರ ಅಕ್ಷದ ಮೇಲೆ ಉರುಳಿಸಿ ನೋಡಬೇಕು. –೭೦ಕ್ಕಿಂತ ಮೇಲೆ ಬಂದಲ್ಲಿ ತಿರುಪನ್ನು ಬಿಗಿದು, ಜೋಡಣೆಗೆ ನೀರು ಇಳಿಯದಂತೆ ರಬ್ಬರ್ ಪಟ್ಟಿ ಸುತ್ತಿಬಿಡಬಹುದು. ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ಮಾತ್ರ, ಮೋಡ ಕವಿಯುವ ಮೊದಲೇ ಕೇಬಲನ್ನು ಲ್ಯಾಪ್‌ಟಾಪಿನಿಂದ ಬಿಡಿಸಿ ಕಿಟಕಿಯ ಹೊರಗೆ ಹಾಕಬೇಕು.